ಪುಟ್ಟಿ ಡಬ್ಬ ಆಮೇಲೆ ತೆಗೆಯಿರಿ, ಮೊದಲು ಬಿರುಕು ನೋಡಿ

ಗೋಡೆಯಲ್ಲಿ ಒಂದು ಗೆರೆ ಕಂಡರೆ ಸಾಕು, ಈಗಿನವರು ಪುಟ್ಟಿ ಡಬ್ಬ ತಂದುಬಿಡುತ್ತಾರೆ. ಒಂದು ಸಲ ಎಳೆದು, ಮೇಲೆ ಬಣ್ಣ ಹಚ್ಚಿದರೆ ಕೆಲಸ ಮುಗಿಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಗೆರೆ. ಆಗ ಪುಟ್ಟಿಗೆ ಬೈಗುಳ. ಪುಟ್ಟಿ ಏನು ಮಾಡೀತು? ಗೋಡೆ ಯಾಕೆ ಬಿಟ್ಟಿತು ಅಂತ ನೀವು ನೋಡಲೇ ಇಲ್ಲವಲ್ಲ!

ಅಲ್ಲಲ್ಲಿ ಹರಡಿಕೊಂಡ ಕೂದಲೆಳೆಯಂಥ ಗೆರೆಗಳು ಸಾಮಾನ್ಯವಾಗಿ ಗಾರೆಯವು. ಸಿಮೆಂಟ್ ಜಾಸ್ತಿ ಬಿದ್ದಿರುತ್ತದೆ, ಇಲ್ಲವೇ ಕ್ಯೂರಿಂಗ್‌ಗೆ, ಅಂದರೆ ಗಾರೆ ಗಟ್ಟಿಯಾಗಲಿ ಅಂತ, ಸರಿಯಾಗಿ ನೀರು ಹೊಡೆದಿರುವುದಿಲ್ಲ. ಪಿಲ್ಲರ್ ಮತ್ತು ಇಟ್ಟಿಗೆ ಸೇರುವ ಕಡೆ ನೇರ ಗೆರೆ ಬಂದರೆ, ಬಿಸಿಲಿಗೆ ಎರಡೂ ಹಿಗ್ಗುವ ರೀತಿ ಬೇರೆ, ಅದಕ್ಕೇ. ಗಾರೆ ಮಾಡುವ ಮೊದಲು ಅಲ್ಲಿ ಜಾಲರಿ ಹೊಡೆದಿದ್ದರೆ ಇಷ್ಟು ಬಿಡುತ್ತಿರಲಿಲ್ಲ. ಸ್ವಿಚ್ ಬೋರ್ಡಿನಿಂದ ಮೇಲಕ್ಕೆ ಹೋದ ಗೆರೆ, ವೈರಿಂಗ್ ಪೈಪಿಗೆ ಕೊರೆದ ಜಾಗವನ್ನು ಸುಮ್ನೆ ಮೆತ್ತಿದ್ದರ ಫಲ. ಇದಕ್ಕೆಲ್ಲ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟದ್ದು, ಇಟ್ಟಿಗೆ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದು, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದು ತುದಿಯಲ್ಲಿ ಸಣ್ಣಗಾದದ್ದು, ಇವು ಬೇರೆ. ಪಾಯ ಒಂದು ಕಡೆ ಕುಸಿಯುತ್ತಿರಬಹುದು. ಹೊರಗೆ ಹೋಗಿ ನೋಡಿ, ಗೋಡೆ ಬುಡದಲ್ಲಿ ನೀರಿನ ಪೈಪ್ ಸೋರುತ್ತಿದೆಯಾ, ಮರ ಬೆಳೆದು ಹತ್ತಿರ ಬಂದಿದೆಯಾ ಅಂತ. ಇನ್ನು ಪಿಲ್ಲರ್ ಉದ್ದಕ್ಕೂ ಸೀಳು ಬಿಟ್ಟು ಕಂದು ಕಲೆ ಇಳಿದಿದ್ದರೆ ಒಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆ. ಅಲ್ಲಿ ಪುಟ್ಟಿ ಮುಟ್ಟಲೇಬೇಡಿ. ಸೀಳು 5 ಮಿಲಿಮೀಟರ್ ದಾಟಿದರೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳಲು ಶುರುವಾದರೆ, ಎಂಜಿನಿಯರ್‌ಗೆ ತೋರಿಸಿ. ಮೇಸ್ತ್ರಿಗಲ್ಲ, ಎಂಜಿನಿಯರ್‌ಗೆ.

ಬಿರುಕು ನಿಂತಿದೆಯೋ, ಇನ್ನೂ ಬೆಳೆಯುತ್ತಿದೆಯೋ ತಿಳಿಯಲು ನಾನು ಬಿಡದೆ ಮಾಡುವುದು ಒಂದೇ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುವುದು, ಗೋಡೆ ಅಲ್ಲಾಡಿದರೆ ಅದು ಒಡೆದು ಹೇಳುತ್ತದೆ. ನಮ್ಮ ತಂದೆ ಮನೆ ಕಟ್ಟಿಸುವಾಗ ಇದ್ದ ಹಳೇ ಮೇಸ್ತ್ರಿ ಕಲಿಸಿದ್ದು. ಕಡಿಮೆ ಮಾತು, ಜಾಸ್ತಿ ಬೀಡಿ, ಆದರೆ ಕೈ ಬಂಗಾರ. ಗಾಜಿನ ಅಂಗಡಿಯಲ್ಲಿ ತುಂಡಾಗಿ ಬಿದ್ದಿರುತ್ತದೆ, ಸಿಕ್ಕಷ್ಟು ತೆಳ್ಳಗಿನದನ್ನು ಕೇಳಿ. ಬೆರಳಗಲ, ಅಂಗೈ ಉದ್ದ ಸಾಕು. ದಪ್ಪ ಗಾಜು ತಂದರೆ ಬಿರುಕು ಬೆಳೆದರೂ ಅದು ಒಡೆಯುವುದಿಲ್ಲ, ಬರೀ ಅಂಟು ಬಿಡುತ್ತದೆ. ಅಂಚನ್ನು ಉಪ್ಪು ಕಾಗದಕ್ಕೆ ಉಜ್ಜಿ ಮೊಂಡು ಮಾಡಿ. ಬಿರುಕಿನ ಎರಡೂ ಬದಿ ಬಣ್ಣ ಕೆರೆದು ಗಾರೆ ಕಾಣುವಂತೆ ಮಾಡಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾಗಿ ಕಲಸಿ, ಗಾಜನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡು ತುದಿ ಮಾತ್ರ ಕೂರಿಸಿ. ನಡುವೆ ಒಂದು ತೊಟ್ಟೂ ಮೆತ್ತಬಾರದು. ಬಣ್ಣದ ಮೇಲೆ ಅಂಟಿಸಿ "ಗಾಜು ಬಿದ್ದುಹೋಯಿತು ಅತ್ತೆ" ಅಂತ ನನ್ನ ಹತ್ತಿರ ಬರಬೇಡಿ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಕು ಬರೆಯಿರಿ, ಬಿರುಕಿನ ಎರಡು ತುದಿಗೂ ಗೀಟು ಹಾಕಿ. ಮಕ್ಕಳ ಕೈ ಎಟುಕದ ಎತ್ತರದಲ್ಲಿರಲಿ.

ಆಮೇಲೆ ಸುಮ್ಮನಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಹೋಗಲಿ. ಜೇಡಿಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಪಾಯವೂ ಅದರ ಜೊತೆ ಅಲ್ಲಾಡುತ್ತದೆ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ, ಎಂಜಿನಿಯರ್‌ಗೆ ಹೇಳಿ. ಒಡೆಯದಿದ್ದರೆ ಧೈರ್ಯವಾಗಿ ತುಂಬಿ.

ತುಂಬುವುದಕ್ಕೆ ಏನು ಹೇಳಿಕೊಡಬೇಕು? ಉಳಿಯಿಂದ ಬಿರುಕಿನ ಬಾಯಿ ಸ್ವಲ್ಪ ಅಗಲಿಸಿ. ಒಣ ಬ್ರಷ್‌ನಲ್ಲಿ ಧೂಳು ಪೂರ್ತಿ ತೆಗೆಯಿರಿ. ಕಿಟಕಿ ಹಳಿ ತೊಳೆಯುವಾಗಲೂ ಇಷ್ಟೇ, ಮೊದಲೇ ನೀರು ಹೊಯ್ದರೆ ಧೂಳೆಲ್ಲ ಕೆಸರಾಗಿ ಸಂದಿಗೆ ಕೂರುತ್ತದೆ, ಎಷ್ಟು ಸಲ ಹೇಳಿದರೂ ನಮ್ಮ ಮನೆಯಲ್ಲಿ ಕೇಳುವವರಿಲ್ಲ. ಆಮೇಲೆ ಅಕ್ರಿಲಿಕ್ ಫಿಲ್ಲರ್ ಒಳಗೆ ಒತ್ತಿ, ತೆಳ್ಳಗೆ ಎರಡು ಸಲ. ಅದು ಸ್ವಲ್ಪ ಜಗ್ಗುತ್ತದೆ, ಬರೀ ಸಿಮೆಂಟ್ ಜಗ್ಗುವುದಿಲ್ಲ. ಪಿಲ್ಲರ್ ಪಕ್ಕದ ಗೆರೆಗೆ ಮೇಲೊಂದು ಫೈಬರ್ ಜಾಲರಿ ಪಟ್ಟಿ ಅಂಟಿಸಿ. ಚೆನ್ನಾಗಿ ಒಣಗಿದ ಮೇಲೆ ಉಪ್ಪು ಕಾಗದ, ಪ್ರೈಮರ್, ಬಣ್ಣ. ಹೊಸ ಗಾರೆ ಹಾಕಿಸಿದ್ದರೆ ಕನಿಷ್ಠ 7 ದಿನ ನೀರು ಹೊಡೆಯಿರಿ, ಮೇಸ್ತ್ರಿ ಸಾಕು ಅಂದರೂ ನಿಲ್ಲಿಸಬೇಡಿ.