ಅಟ್ಟದಲ್ಲಿ ಯಾರದೋ ಆಲ್ಬಮ್ ಸಿಕ್ಕಾಗ

ಕೊಂಡ ಹಳೇ ಮನೆಯ ಅಟ್ಟದಲ್ಲೋ ಗುಜರಿಗೆ ಬಂದ ಟ್ರಂಕಿನಲ್ಲೋ ಯಾರದೋ ಆಲ್ಬಮ್ ಸಿಕ್ಕರೆ ಕೂಡಲೇ ಫೋಟೋ ಕೀಳಬೇಡಿ. ಯಾವುದರ ಪಕ್ಕ ಯಾವುದಿತ್ತು ಅನ್ನುವುದರಲ್ಲೇ ಆ ಮನೆಯ ಅರ್ಧ ಕತೆ ಇರುತ್ತದೆ. ಮೊದಲು ಒಂದೊಂದು ಪುಟವನ್ನೂ ಇದ್ದ ಹಾಗೇ, ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಮಳೆಗಾಲದಲ್ಲಿ ಫೋಟೋ ಬಿಡಿಸುವುದೇ ಬೇಡ. ಫೋಟೋದ ಮೇಲ್ಪದರ ಜೆಲಾಟಿನ್. ಥಂಡಿ ಹೀರಿ ಉಬ್ಬಿ ಅಂಟಾಗುತ್ತದೆ, ಎಳೆದರೆ ಮುಖವೇ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬರುತ್ತದೆ. ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು ಬೇಸಿಗೆಗೆ ಕಾಯಿರಿ. ಬಿಸಿಲಿಗೆ ಹಾಕಿದರೆ, ಒಲೆ ಮೇಲೆ ಕಟ್ಟಿದರೆ ಕಾಗದ ಸುರುಳಿ ಸುತ್ತಿ ಮೇಲ್ಪದರ ಬಿರಿಯುತ್ತದೆ.

ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ಬೂಷ್ಟು ತಿಂದ ಜೆಲಾಟಿನ್ ನೀರಿಗೆ ಕರಗುತ್ತದೆ. ಒಂದು ಸಲ ಒರೆಸಿದರೆ ಮೂಗು, ಕಣ್ಣು ಬಟ್ಟೆಗೇ ಬರುತ್ತವೆ. ಚೆನ್ನಾಗಿ ಒಣಗಿದ ಮೇಲೆ ಹೊರಗೆ ಕೂತು, ಮಾಸ್ಕ್ ಹಾಕಿ, ಮೆತ್ತನೆ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ಸವರಿ.

ಕಪ್ಪು ಪುಟಕ್ಕೆ ಕಾಗದದ ಮೂಲೆಗಳಲ್ಲಿ ಸಿಕ್ಕಿಸಿದ್ದು ಸುಲಭವಾಗಿ ಬರುತ್ತದೆ. ಅಂಟು ಸವರಿದ ಪುಟಕ್ಕೆ ಫೋಟೋ ಒತ್ತಿ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಗಮ್ ಪುಟದ ಆಲ್ಬಮ್ಮೇ ಕಷ್ಟ. ಒಂದಡಿ ಉದ್ದದ, ಮೇಣವಿಲ್ಲದ ಡೆಂಟಲ್ ಫ್ಲಾಸ್ ದಾರವನ್ನು ಮೂಲೆಯಿಂದ ತೂರಿಸಿ, ಪುಟಕ್ಕೆ ಒತ್ತಿಕೊಂಡು ಗರಗಸದಂತೆ ಆಡಿಸಿ. ಬರದಿದ್ದರೆ ಬಿಟ್ಟುಬಿಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ. 600 ಡಿಪಿಐ (ಇಂಚಿಗೆ 600 ಚುಕ್ಕೆ) ಸಾಕು. ಬಿಡಿಸಿದ್ದರ ಬೆನ್ನಿಗೆ ಮೆತ್ತನೆ ಪೆನ್ಸಿಲ್‌ನಲ್ಲಿ '3-2' ಎಂದು ಪುಟ, ಜಾಗದ ಸಂಖ್ಯೆ ಬರೆಯಿರಿ. ಬಾಲ್‌ಪೆನ್ನಿನ ಗೆರೆ ಮುಂದಕ್ಕೆ ಮೂಡುತ್ತದೆ.

ಬೆನ್ನಿನಲ್ಲೇ ಸುಳಿವು ಹೆಚ್ಚು. ಸ್ಟುಡಿಯೋ ಸೀಲಿನಲ್ಲಿ 577201 ಎಂಬಂಥ ಪಿನ್‌ಕೋಡ್ ಇದ್ದರೆ ಆ ಸೀಲು 1972ರ ಆಗಸ್ಟ್ 15ರ ನಂತರದ್ದು. ಆದರೆ ಅದು ಪ್ರಿಂಟಿನ ಕಾಲ; ಫೋಟೋ ಇನ್ನೂ ಹಳೆಯದಿರಬಹುದು. ಬರೆದ ಊರು ನಕಾಶೆಯಲ್ಲಿ ಸಿಗದಿದ್ದರೆ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆ ಊರೇನೋ ಎಂದು ಶರಾವತಿ ಕಡೆಯ ಹಿರಿಯರನ್ನು ಕೇಳಿ. 'ಅಕ್ಕನ ಮದುವೆ', 'ಮಾವನ ಮನೆ ಗೃಹಪ್ರವೇಶ' ಅಂತಿದ್ದರೆ ಅವನ್ನೆಲ್ಲ ಒಂದು ಹಾಳೆಗೆ ಇಳಿಸಿ. ಒಂದೇ ಕೈಬರಹವಾದರೆ, ಬರೆದವರಿಂದ ಶುರುಮಾಡಿ ವಂಶವೃಕ್ಷ ಬಿಡಿಸಬಹುದು.

ವಾರಸುದಾರರನ್ನು ಹುಡುಕಲು ವಾಟ್ಸಾಪ್‌ಗೆ ಒಂದೇ ಫೋಟೋ ಹಾಕಿ, ಮನೆ ಮುಂಭಾಗದ್ದಾದರೆ ಒಳ್ಳೆಯದು. ಮಕ್ಕಳದ್ದು, ಸಾವಿನ ಮನೆಯದ್ದು ಬೇಡ. ನಮ್ಮದು ಎಂದು ಬಂದವರನ್ನು ಉಳಿದ ಪುಟಗಳಲ್ಲಿ ಯಾರ್‍ಯಾರಿದ್ದಾರೆ ಎಂದು ಕೇಳಿ. ನಡುವೆ ಕಾಗದ ಪತ್ರ ಸಿಕ್ಕರೆ ವಿಳಾಸ ನೋಡಿಕೊಂಡು ಮಡಚಿಡಿ. ಕೊಡುವಾಗ ಎಲ್ಲವನ್ನೂ ಅದದೇ ಜಾಗಕ್ಕೆ ಸೇರಿಸಿ. ಖಾಲಿ ಜಾಗ ಖಾಲಿಯೇ ಇರಲಿ, ಅಲ್ಲೇನಿತ್ತೆಂದು ಬಲ್ಲವರು ಅವರು.