ಹಂಡೆಯ ಜಾಗಕ್ಕೆ ಗೀಸರ್: ಬಚ್ಚಲಿಗೆ ಲೈನ್ ಎಳೆದ ನನ್ನ ಅನುಭವ

ತೀರ್ಥಹಳ್ಳಿ ಸೀಮೆಯ ನಮ್ಮ ಹಳೆಯ ಮನೆಯಲ್ಲಿ ಹಂಡೆಯ ಒಲೆ ಉರಿಯುತ್ತಿದ್ದಷ್ಟು ಕಾಲ ಬಚ್ಚಲಿಗೆ ಒಂದು ದೀಪದ ಹೊರತು ವಿದ್ಯುತ್ತು ಬೇಕಿರಲಿಲ್ಲ. ಅಮ್ಮನಿಗೆ ಮಂಡಿ ನೋವು ಹೆಚ್ಚಾಗಿ, ಮಳೆಗಾಲದಲ್ಲಿ ಕೊಟ್ಟಿಗೆಯಿಂದ ಸೌದೆ ಹೊತ್ತು ತರುವುದು ಇನ್ನು ಆಗದೆಂದು ಕಂಡ ಮೇಲೆ 15 ಲೀಟರಿನ, 2000 ವ್ಯಾಟಿನ ಗೀಸರ್ ಕೂರಿಸಲು ನಿರ್ಧರಿಸಿದೆ. ವೈರ್‌ಮನ್ ಪರ್ಮಿಟ್ ಇರುವುದರಿಂದ ಕೆಲಸವನ್ನು ನಾನೇ ಮಾಡಿದೆ. ಪರ್ಮಿಟ್ ಇಲ್ಲದವರು ಇದನ್ನು ಓದಿ ಸ್ಕ್ರೂಡ್ರೈವರ್ ಹಿಡಿಯಬಾರದು, ಮನೆಗೆ ಬರುವ ವೈರ್‌ಮನ್‌ನನ್ನು ಏನೇನು ಕೇಳಬೇಕೆಂದು ತಿಳಿದುಕೊಂಡರೆ ಸಾಕು.

ಮೊದಲು ನೋಡಿದ್ದು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ. ಬಚ್ಚಲ ಹೊರಗಿನ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಫೇಸಿಗೂ (ಕರೆಂಟು ಬರುವ ತಂತಿ) ನ್ಯೂಟ್ರಲ್ಲಿಗೂ (ಅದು ಹಿಂದಿರುಗುವ ತಂತಿ) ನಡುವೆ ಟೆಸ್ಟ್ ಲ್ಯಾಂಪ್ ಚೆನ್ನಾಗಿ ಉರಿಯಿತು, ಫೇಸಿಗೂ ಅರ್ಥಿಗೂ ನಡುವೆ ಮಿಣುಕಲೂ ಇಲ್ಲ. ಅರ್ಥಿನ ಹಸಿರು ತಂತಿಯ ಜಾಡು ಹಿಡಿದು ಹೋದರೆ, ಹಿಂದೆ ಯಾರೋ ಅದನ್ನು ಕಬ್ಬಿಣದ ನೀರಿನ ಪೈಪಿಗೆ ಸುತ್ತಿ ಕೈತೊಳೆದುಕೊಂಡಿದ್ದರು. ಆ ಪೈಪನ್ನು ನಾವು ಕರೆಂಟು ಹರಿಯದ ಪಿವಿಸಿಗೆ ಬದಲಾಯಿಸಿ ವರ್ಷಗಳಾಗಿದ್ದವು. ಅಂದಿನಿಂದ ಮನೆಗೆ ಅರ್ಥಿಂಗೇ ಇರಲಿಲ್ಲ, ಅದು ನಮಗೆ ಗೊತ್ತೂ ಇರಲಿಲ್ಲ.

ನಮ್ಮ ಕಡೆಯ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿನ ರೋಧ, ಅಂದರೆ ಕರೆಂಟಿಗೆ ನೆಲ ಒಡ್ಡುವ ತಡೆ, ಏರಿಬಿಡುತ್ತದೆ; ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. ಆದ್ದರಿಂದ ಬಚ್ಚಲ ನೀರು ಹರಿದು ವರ್ಷವಿಡೀ ತೇವವಿರುವ ಬಾಳೆ ಬುಡದ ಬಳಿ ಗುಂಡಿ ತೋಡಿಸಿ, ಎರಡೂವರೆ ಮೀಟರ್ ಉದ್ದದ ಜಿಐ (ಸತು ಲೇಪಿತ ಕಬ್ಬಿಣದ) ಪೈಪನ್ನು ಇದ್ದಿಲು ಮತ್ತು ಉಪ್ಪಿನ ಪದರಗಳ ನಡುವೆ ನಿಲ್ಲಿಸಿದೆ. ಬೇಕೆಂದೇ ಏಪ್ರಿಲ್ ಕೊನೆಯಲ್ಲಿ ಅರ್ಥ್ ಟೆಸ್ಟರ್ ಹಿಡಿದು ಅಳೆದಾಗ 4 ಓಮ್ ಬಂತು. ಮಳೆಗಾಲದಲ್ಲಿ ಅಳೆದು ಸಮಾಧಾನಪಟ್ಟರೆ ಆ ಅಂಕಿಗೆ ಬೆಲೆಯಿಲ್ಲ.

2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ದೀಪದ ಸ್ವಿಚ್ ಬೋರ್ಡಿನ 6 ಆಂಪಿಯರ್ ಸಾಕೆಟ್ಟಿಗೆ ಅದನ್ನು ಸಿಕ್ಕಿಸುವುದೆಂದರೆ ಗೋಡೆಯೊಳಗೆ ಬೆಂಕಿ ಇಟ್ಟಂತೆ. ಮುಖ್ಯ ಬೋರ್ಡಿನಿಂದಲೇ ಪ್ರತ್ಯೇಕ ಪೈಪಿನಲ್ಲಿ ಕೆಂಪು, ಕಪ್ಪು, ಹಸಿರು ತಂತಿಗಳನ್ನು ಎಳೆದು ಹೊರೆ ಮಿತಿಮೀರಿದರೆ ತಾನಾಗಿ ಲೈನ್ ಕಡಿಯುವ 16 ಆಂಪಿಯರ್ ಎಂಸಿಬಿ ಹಾಕಿದೆ. ಈ ಹೊರೆಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕಾಗುತ್ತಿತ್ತು, ಆದರೂ ದೂರ 25 ಮೀಟರ್ ಇದ್ದುದರಿಂದ 4 ಚದರ ಮಿಲಿಮೀಟರಿನದನ್ನೇ ತಂದೆ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ 20 ಆಂಪಿಯರ್ ಡಿಪಿ ಸ್ವಿಚ್ಚನ್ನು ಬಚ್ಚಲ ಬಾಗಿಲ ಹೊರಗೆ, ಒದ್ದೆ ಕೈಗೆ ಎಟುಕದಂತೆ ಇಟ್ಟೆ. ಒಳಗೆ ಸಾಕೆಟ್ ಇಡದೆ, ನೀರು ಸಿಡಿಯುವ ಮೂಲೆಯಿಂದ ದೂರದಲ್ಲಿ, 2.25 ಮೀಟರಿಗಿಂತ ಎತ್ತರದಲ್ಲಿ, ಮುಚ್ಚಳ ಬಿಗಿಯಾಗಿ ಕೂರುವ ಪೆಟ್ಟಿಗೆಯಲ್ಲಿ ಗೀಸರಿನ ತಂತಿಗಳನ್ನು ಸೇರಿಸಿದೆ.

ಸಮಯ ತಿಂದದ್ದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಹಿಂದಿರುಗದೆ ಬೇರೆ ದಾರಿ ಹಿಡಿದು, ವ್ಯತ್ಯಾಸ 30 ಮಿಲಿಆಂಪಿಯರ್ ತಲುಪುವುದರೊಳಗೆ ಲೈನನ್ನು ಕಡಿಯುವುದು ಅದರ ಕೆಲಸ. ಗೀಸರಿನ ಜೊತೆಗೆ ಬಚ್ಚಲ ದೀಪವನ್ನೂ ಅದರ ಕೆಳಗೆ ತಂದೆ. ಗೀಸರ್ ಹಾಕಿದರೆ ಏನೂ ಆಗದು, ದೀಪ ಹಾಕಿದೊಡನೆ ಟ್ರಿಪ್. ಹೊಗೆ ಮಸಿ ಮೆತ್ತಿದ ಹೋಲ್ಡರಿನಲ್ಲಿ ತೇವ ಸೇರಿದೆಯೆಂದು ಹೊಸದು ಹಾಕಿದೆ, ಮತ್ತೆ ಟ್ರಿಪ್. ತಂತಿಯ ಹೊದಿಕೆಯಿಂದ ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಇಟ್ಟು ನೋಡಿದರೆ ಇನ್ಸುಲೇಶನ್ ಸರಿಯಾಗಿಯೇ ಇತ್ತು. ಮಧ್ಯಾಹ್ನವೆಲ್ಲ ಕಳೆದ ಮೇಲೆ ಹೊಳೆಯಿತು: ಹಳೆಯ ವೈರಿಂಗಿನಲ್ಲಿ ತಂತಿ ಉಳಿಸಲೆಂದು ದೀಪದ ನ್ಯೂಟ್ರಲ್ಲನ್ನು ಪಕ್ಕದ ಉಗ್ರಾಣದ ಲೈನಿನಿಂದ ತೆಗೆದುಕೊಂಡಿದ್ದರು. 9 ವ್ಯಾಟಿನ ಬಲ್ಬಾದರೂ ಸುಮಾರು 40 ಮಿಲಿಆಂಪಿಯರ್ ಎಳೆಯುತ್ತದೆ, ಅಷ್ಟೂ ಆರ್‌ಸಿಸಿಬಿಯ ಹೊರಗಿನಿಂದ ಹಿಂದಿರುಗುತ್ತಿತ್ತು. ಇಂಥ ಕಡೆ ಆರ್‌ಸಿಸಿಬಿಯೇ ಕೆಟ್ಟಿದೆಯೆಂದು ಕಿತ್ತೆಸೆದವರನ್ನು ನಾನು ಬಲ್ಲೆ. ದೀಪಕ್ಕೆ ಬೇರೆ ನ್ಯೂಟ್ರಲ್ ಎಳೆದ ಮೇಲೆ ತಕರಾರು ನಿಂತಿತು.

ಹಳೆಯ ಸಂಪರ್ಕಕ್ಕೆ ಮಂಜೂರಾಗಿದ್ದ ಲೋಡ್ ಒಂದೇ ಕಿಲೋವ್ಯಾಟ್ ಆಗಿದ್ದರಿಂದ, ಗೀಸರ್ ಹಾಕುವ ಮೊದಲೇ ವಿದ್ಯುತ್ ಕಂಪನಿ ಮೆಸ್ಕಾಂಗೆ ಅರ್ಜಿ ಕೊಟ್ಟು ಅದನ್ನು ಮೂರಕ್ಕೆ ಏರಿಸಿಕೊಂಡಿದ್ದೆ.

ಹಂಡೆ ನೀರಿನ ಹಿತ ಇದಕ್ಕಿಲ್ಲವೆಂಬುದು ಅಮ್ಮನ ದೂರು. ಆದರೂ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕೆಂದು ಹೇಳಿಕೊಟ್ಟಿದ್ದನ್ನು ಅವರು ಅಮಾವಾಸ್ಯೆಗೆ ಗಂಟುಹಾಕಿಕೊಂಡು, ಅಂದು ತಪ್ಪದೆ ಒತ್ತಿ, ಟಕ್ಕೆಂದು ಬಿದ್ದಿತೆಂದು ನನಗೆ ಫೋನ್ ಮಾಡಿ ತಿಳಿಸುತ್ತಾರೆ.