ಸಸಿ ಮೇಲೇಳದಿರಲು ಜಿಂಕೆಯೇ ಕಾರಣವಾ? ಎರಡು ಚೌಕ ಹಾಕಿ ನೋಡಿ

ಬಂಡೀಪುರ, ನಾಗರಹೊಳೆಯಂಥ ಕಾಡಿನ ಅಂಚಲ್ಲಿ ನಿಮ್ಮ ಜಮೀನಿದ್ದು, ಮಳೆಗಾಲದಲ್ಲಿ ನೆಲದ ತುಂಬಾ ಸಸಿ ಹುಟ್ಟಿದರೂ ಮೊಣಕಾಲು ದಾಟಿದ ಒಂದು ಎಳೆ ಮರವೂ ಕಾಣದಿದ್ದರೆ ಅದು ಚಿಂತೆಯ ವಿಷಯವೇ. ಈಗಿರುವ ಮರ ಬಿದ್ದ ಮೇಲೆ ಆ ಜಾಗಕ್ಕೆ ಬರುವ ಮರವೇ ಇರುವುದಿಲ್ಲ ಅಲ್ವಾ? ಆದರೂ ಸುಮ್ನೆ ಜಿಂಕೆಯನ್ನು ದೂರಬೇಡಿ.

ಮೊದಲು ಕುಡಿ ನೋಡಿ. ಜಿಂಕೆ, ಕಡವೆಗಳಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ಹಿಡಿದು ಎಳೆದು ಹರಿಯುತ್ತವೆ, ತುದಿ ನಾರುನಾರಾಗಿ ಉಳಿಯುತ್ತದೆ. ಮೊಲ ಕಡಿದರೆ ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗಿರುತ್ತದೆ. ದನ, ಮೇಕೆ ತಿಂದದ್ದು ಮಾತ್ರ ಜಿಂಕೆ ತಿಂದ ಹಾಗೇ ಕಾಣುತ್ತದೆ, ಅಲ್ಲಿ ಹಿಕ್ಕೆ, ಗೊರಸಿನ ಗುರುತು ಹುಡುಕಬೇಕು.

ಆಮೇಲೆ ನಿಮ್ಮ ಜಮೀನಿನಲ್ಲೇ ಹತ್ತಡಿಯ ಎರಡು ಚೌಕ ಗುರುತು ಮಾಡಿ, ಒಂದಕ್ಕೆ ಬೇಲಿ ಹಾಕಿ, ಇನ್ನೊಂದನ್ನು ಹಾಗೇ ತೆರೆದಿಡಿ. ಕಾಡಿನೊಳಗೆ ಹಾಕಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಎರಡಕ್ಕೂ ಮಣ್ಣು, ನೆರಳು, ಬೀಜದ ಮರ ಒಂದೇ ತರ ಇರಲಿ. ಯಾವುದಕ್ಕೆ ಬೇಲಿ ಅಂತ ನಾಣ್ಯ ಚಿಮ್ಮಿ ತೀರ್ಮಾನಿಸಿ, ಇಲ್ಲದಿದ್ದರೆ ಚೆನ್ನಾಗಿರುವ ಜಾಗಕ್ಕೇ ಕೈ ಹೋಗುತ್ತದೆ. ಏಳಡಿ ಎತ್ತರದ ಜಾಲರಿ ಸಾಕು. ಜಿಂಕೆ ಚೆನ್ನಾಗಿ ನೆಗೆಯುತ್ತದೆ, ಆದರೆ ಇಷ್ಟು ಚಿಕ್ಕ ಜಾಗದೊಳಗೆ ಹಾರಲು ಹಿಂಜರಿಯುತ್ತದೆ. ಕೆಳಗೆ ಮೊಲ ನುಸುಳುವಷ್ಟು ಸಂದು ಬಿಡಿ, ಆಗ ಮೊಲ ಎರಡೂ ಕಡೆ ಮೇಯುತ್ತದೆ, ಉಳಿಯುವ ವ್ಯತ್ಯಾಸ ದೊಡ್ಡ ಪ್ರಾಣಿಗಳದ್ದು. ಕರೆಂಟ್ ಮಾತ್ರ ಬೇಡವೇ ಬೇಡ. ಲಂಟಾನ ಕಿತ್ತರೆ ಎರಡೂ ಕಡೆ ಕೀಳಿ.

ಪ್ರತಿ ಸಸಿಗೂ ನಂಬರ್ ಬರೆದ ತಗಡಿನ ಚೂರು ಸಡಿಲವಾಗಿ ಕಟ್ಟಿ. ಮೇ ಮತ್ತು ನವೆಂಬರ್‌ನಲ್ಲಿ ಜಾತಿ, ಎತ್ತರ, ಕುಡಿ ಇದೆಯಾ ಇಲ್ಲವಾ ಬರೆದಿಡಿ. ಇಲ್ಲೇ ಜಾಸ್ತಿ ಜನ ಎಡವುವುದು: ಹೊನ್ನೆಯಂಥ ಸಸಿ ಬೇಸಿಗೆಯಲ್ಲಿ ಮೇಲಿನಿಂದ ಒಣಗಿ, ಮಳೆ ಬಿದ್ದ ಮೇಲೆ ಬೇರಿನಿಂದ ಮತ್ತೆ ಚಿಗುರುತ್ತದೆ. ಮೇನಲ್ಲಿ ಕುಳ್ಳಗಾಗಿದ್ದನ್ನು ನೋಡಿ ಜಿಂಕೆ ತಿಂದಿದೆ ಅಂದುಕೊಳ್ಳಬೇಡಿ. ಒಂದು ವರ್ಷದ ಲೆಕ್ಕ ಸಾಲದು, ಮೂರು ವರ್ಷವಾದರೂ ಕಾಯಿರಿ.

ಎರಡೂ ಚೌಕ ಒಂದೇ ತರ ಇದ್ದರೆ ಬೆಂಕಿ, ಬರ, ಲಂಟಾನದ ಕಡೆ ನೋಡಿ. ಬೇಲಿಯೊಳಗೆ ಮಾತ್ರ ಸಸಿ ಎದ್ದಿದ್ದರೆ ಮೇಯುವುದೇ ಕಾರಣ. ಅಂಡಮಾನಿಗೆ ಬ್ರಿಟಿಷರು ಚುಕ್ಕೆ ಜಿಂಕೆ ತಂದು ಬಿಟ್ಟರು, ಅಲ್ಲಿ ಹುಲಿಯಿಲ್ಲ, ಸೀಳುನಾಯಿಯಿಲ್ಲ, ಎಳೆ ಸಸಿಗಳು ಏಳಲಾರದೆ ಅಲ್ಲಿನ ಕಾಡು ಇಂದಿಗೂ ಕಷ್ಟ ಪಡುತ್ತಿದೆ. ನಮ್ಮಲ್ಲಿ ಅವೆಲ್ಲ ಇವೆ. ಜೊತೆಗೆ ನೆಲ್ಲಿಕಾಯಿ ತಿಂದು, ಮೆಲುಕು ಹಾಕುವಾಗ ಬೀಜವನ್ನು ದೂರದಲ್ಲಿ ಉಗುಳುವುದೂ ಇದೇ ಜಿಂಕೆ.

ಹಾಗಾಗಿ ಜಿಂಕೆ ಓಡಿಸುವ ಕೆಲಸ ಬೇಡ, ಬೇಕಾದ ಸಸಿಗಳಿಗೆ ಮಾತ್ರ ಒಂದೊಂದಕ್ಕೂ ಜಾಲರಿ ಸುತ್ತಿ. ಕುಡಿ ಜಿಂಕೆಯ ಬಾಯಿಗೆ ಸಿಗದಷ್ಟು ಮೇಲೆ ಹೋದಾಗ ಬಿಚ್ಚಿ ಮುಂದಿನ ಸಸಿಗೆ ಹಾಕಿ. ಕಡವೆ ಓಡಾಡುವ ಕಡೆ ಮಾತ್ರ ಇನ್ನೊಂದೆರಡು ವರ್ಷ ಹಾಗೇ ಬಿಡಿ, ಅದು ಎಳೆ ಕಾಂಡಕ್ಕೆ ಕೊಂಬು ಉಜ್ಜಿ ಸಿಪ್ಪೆ ಸುಲಿಯುತ್ತದೆ.